‘ಒಲ್ಲೆ’ ಎಂದವನ ಕಥೆ: ಅರವಿಂದ ಅಡಿಗರ ‘ಲಾಸ್ಟ್ ಮ್ಯಾನ್ ಇನ್ ಟವರ್’ ಕುರಿತು

ಬೆಳೆಯುತ್ತಿರುವ ನಗರದಲ್ಲಿ ಬಹುಮಹಡಿ ಕಟ್ಟಡವೊಂದು ಏಳಲು ಹೊರಟಾಗ ಅದರೊಡನೆ ಒಂದು ಸಿದ್ಧ ಕಥೆಯೂ ಏಳುತ್ತದೆ. ಒಂದು ಬದಿಗೆ ಹಣವಂತ ಬಿಲ್ಡರ್, ಅವನ ಹಿಂದೆ ಕಚೇರಿಗಳು, ರಾಜಕಾರಣಿಗಳು, ಗೂಂಡಾಗಳು. ಇನ್ನೊಂದು ಬದಿಗೆ ಹಳೆಯ ನೆರೆಹೊರೆ, ಅದರ ಮರಗಳು, ಗುಡಿ-ಇಗರ್ಜಿಗಳು, ಸಂಜೆಯ ಹರಟೆಯ ಕಟ್ಟೆಗಳು. ನೆರೆಹೊರೆ ಸೋಲಬಹುದು, ಗೆಲ್ಲಬಹುದು. ಆದರೆ ನ್ಯಾಯ ಯಾರ ಕಡೆಗಿದೆ ಎಂಬುದು ಮೊದಲ ಪುಟದಲ್ಲೇ ತೀರ್ಮಾನವಾಗಿರುತ್ತದೆ. ಈ ಕಥೆ ಸುಳ್ಳೇನಲ್ಲ. ನ್ಯೂಯಾರ್ಕಿನಲ್ಲಿ ಜೇನ್ ಜೇಕಬ್ಸ್ ತಮ್ಮ ಬಡಾವಣೆಯ ನಡುವೆ ಹೆದ್ದಾರಿ ಹಾಯುವುದನ್ನು ತಡೆಯಲು ನೆರೆಹೊರೆಯವರನ್ನು ಕೂಡಿಸಿ ಹೋರಾಡಿದರು. 1961ರ ಅವರ ಪುಸ್ತಕದಲ್ಲಿ ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ನಿವಾಸಿಗಳ ಕಣ್ಣುಗಳು ಎಂಬ ವಿಚಾರ ಬಂತು. ಅಲ್ಲಿಂದಾಚೆಗೆ ನಗರವನ್ನು ಕುರಿತು ಬರೆಯುವವರಿಗೆ ನೆರೆಹೊರೆ ಎಂಬ ಮಾತೇ ಒಂದು ಸದ್ಗುಣದ ಹೆಸರಾಗಿಬಿಟ್ಟಿದೆ.

ಅರವಿಂದ ಅಡಿಗರ ‘ಲಾಸ್ಟ್ ಮ್ಯಾನ್ ಇನ್ ಟವರ್’ 2011ರಲ್ಲಿ ಪ್ರಕಟವಾದ ಕಾದಂಬರಿ. ಮಂಗಳೂರಿನಲ್ಲಿ ಬೆಳೆದ ಈ ಲೇಖಕರಿಗೆ 2008ರ ಬುಕರ್ ಪ್ರಶಸ್ತಿ ತಂದುಕೊಟ್ಟ ‘ದ ವೈಟ್ ಟೈಗರ್’ ಕೃತಿಯ ಗದ್ದಲದಲ್ಲಿ ಇದು ಸ್ವಲ್ಪ ಹಿಂದೆ ಸರಿದುಹೋಯಿತು. ಕನ್ನಡದಲ್ಲಿ ಇದರ ಚರ್ಚೆ ನಡೆಯಬೇಕಾದಷ್ಟು ನಡೆದಿಲ್ಲ ಎಂಬುದು ನನ್ನ ಭಾವನೆ. ಅಡಿಗರ ಕೃತಿಗಳಲ್ಲಿ ಹೆಚ್ಚು ಕಾಲ ನಿಲ್ಲುವಂಥದು ಇದೇ ಎಂದೂ ನಾನು ತಿಳಿಯುತ್ತೇನೆ. ಏಕೆಂದರೆ ಮೇಲೆ ಹೇಳಿದ ಸಿದ್ಧ ಕಥೆಯ ಎಲ್ಲ ಸಾಮಗ್ರಿಯನ್ನೂ ಕೈಗೆತ್ತಿಕೊಂಡು ಅದನ್ನು ಬುಡಮೇಲು ಮಾಡುವ ಧೈರ್ಯ ಇದರಲ್ಲಿದೆ. ಇಲ್ಲಿ ಗೋಪುರವನ್ನು ವಿರೋಧಿಸುವುದು ನೆರೆಹೊರೆಯಲ್ಲ, ನೆರೆಹೊರೆಯೊಳಗಿನ ಒಬ್ಬ. ಗೋಪುರ ಏಳುವಂತೆ ಮಾಡುವುದು ನೆರೆಹೊರೆಯೇ.

ಕಥೆ ನಡೆಯುವುದು ಮುಂಬೈಯ ಸಾಂತಾಕ್ರೂಜ್ ಪೂರ್ವದ ವಾಕೋಲದಲ್ಲಿ. ವಿಮಾನಗಳು ತಲೆಯ ಮೇಲೆ ಹಾರಿಹೋಗುವ, ಸುತ್ತ ಕೊಳೆಗೇರಿಗಳಿರುವ ಈ ಜಾಗದಲ್ಲಿ ವಿಶ್ರಾಮ್ ಸೊಸೈಟಿ ಎಂಬ ಗೃಹನಿರ್ಮಾಣ ಸಹಕಾರಿ ಸಂಘದ ಎರಡು ಕಟ್ಟಡಗಳಿವೆ. ಹಳೆಯದಾದ ‘ಎ’ ಕಟ್ಟಡದಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮಧ್ಯಮವರ್ಗದ ಕುಟುಂಬಗಳು ದಶಕಗಳಿಂದ ಒಟ್ಟಿಗೆ ಬದುಕಿವೆ. ಗೋಡೆ ಸೋರುತ್ತದೆ, ನೀರು ದಿನಕ್ಕೆ ಇಷ್ಟೇ ಹೊತ್ತು. ಆದರೂ ಮರ್ಯಾದಸ್ಥರ ಮನೆ. ಧರ್ಮೇನ್ ಶಾ ಎಂಬ ಬಿಲ್ಡರ್ ಈ ನೆಲದಲ್ಲಿ ‘ಶಾಂಘೈ’ ಎಂಬ ಐಷಾರಾಮಿ ಗೋಪುರ ಕಟ್ಟಲು ಬಯಸಿ, ಅವರು ಕನಸಿನಲ್ಲೂ ಎಣಿಸದ ಮೊತ್ತವನ್ನು ಮುಂದಿಡುತ್ತಾನೆ. ಷರತ್ತು ಎರಡು: ಎಲ್ಲರೂ ಒಪ್ಪಬೇಕು, ಗಡುವಿನೊಳಗೆ ಒಪ್ಪಬೇಕು. ಹೊಸದಾದ ‘ಬಿ’ ಕಟ್ಟಡದವರು ತಡಮಾಡದೆ ಸಹಿ ಹಾಕುತ್ತಾರೆ. ‘ಎ’ ಕಟ್ಟಡದಲ್ಲಿ ಮೊದಲು ನಾಲ್ಕು ಮಂದಿ ತಡೆದು ನಿಲ್ಲುತ್ತಾರೆ, ಬಳಿಕ ಒಬ್ಬೊಬ್ಬರಾಗಿ ಸರಿಯುತ್ತಾರೆ. ಕೊನೆಗೆ ಉಳಿಯುವವನು ಯೋಗೇಶ್ ಮೂರ್ತಿ. ನಿವೃತ್ತ ಶಾಲಾ ಶಿಕ್ಷಕ, ವಿಧುರ, ಎಲ್ಲರ ಮಕ್ಕಳಿಗೂ ವಿಜ್ಞಾನದ ಪಾಠ ಹೇಳಿಕೊಟ್ಟ ‘ಮಾಸ್ಟರ್‌ಜಿ’. ಅವನನ್ನು ಕೊಲ್ಲುವವರು ಬಿಲ್ಡರನ ಆಳುಗಳಲ್ಲ, ಅದೇ ಮೆಟ್ಟಿಲು ಹತ್ತಿಳಿಯುವ ನೆರೆಯವರು. ಕೊಂದು, ತಾರಸಿಯಿಂದ ಕೆಳಗೆ ನೂಕಿ, ಆತ್ಮಹತ್ಯೆಯೆನ್ನುತ್ತಾರೆ.

ಮಾಸ್ಟರ್‌ಜಿಯನ್ನು ಹುತಾತ್ಮನಾಗಿ ಓದುವುದು ಸುಲಭ. ಅಡಿಗರು ಆ ಸುಲಭದ ದಾರಿಯನ್ನು ತುಂಬ ಎಚ್ಚರದಿಂದ ಮುಚ್ಚಿದ್ದಾರೆ. ಅವನ ನಿರಾಕರಣೆಗೆ ಮೊದಲಿಗೆ ಒಂದು ಕಾರಣವಿತ್ತು. ಎರಡನೆಯ ಮಹಡಿಯ ಪಿಂಟೊ ದಂಪತಿಗಳು ಅವನ ಹಳೆಯ ಗೆಳೆಯರು. ಶ್ರೀಮತಿ ಪಿಂಟೊಗೆ ಕಣ್ಣು ಕಾಣದು. ಆ ಕಟ್ಟಡದ ಮೆಟ್ಟಿಲುಗಳನ್ನು ಆಕೆ ಕಾಲ ನೆನಪಿನಿಂದಲೇ ಬಲ್ಲಳು, ಹೊಸ ಮನೆಯೆಂದರೆ ಆಕೆಗೆ ಎರಡನೆಯ ಕುರುಡು. ಗೆಳೆಯರು ಒಲ್ಲರು ಎಂಬ ಕಾರಣಕ್ಕೆ ಮಾಸ್ಟರ್‌ಜಿಯೂ ಒಲ್ಲನಾಗುತ್ತಾನೆ. ಇದು ಓದುಗನ ಕರುಳಿಗೆ ನೇರವಾಗಿ ತಾಗುವ ಕಾರಣ. ಆದರೆ ಬೆದರಿಕೆಗೆ ಅಂಜಿ ಪಿಂಟೊಗಳೇ ಒಪ್ಪಿಬಿಡುತ್ತಾರೆ, ಕಾರಣ ಬಿದ್ದುಹೋಗುತ್ತದೆ, ನಿರಾಕರಣೆ ಮಾತ್ರ ಉಳಿಯುತ್ತದೆ. ಕಾದಂಬರಿಯ ನಿಜವಾದ ಆರಂಭ ಇಲ್ಲಿ ಎಂದೇ ನಾನು ಹೇಳುವೆ. ಮಡಿದ ಹೆಂಡತಿಯ, ಮಗಳ ನೆನಪು ಆ ಮನೆಯ ಗೋಡೆಗಳಲ್ಲಿದೆ ಎಂಬುದು ನಿಜ. ಆದರೆ ಅದನ್ನೂ ಅವನು ವಾದವಾಗಿ ಮುಂದಿಡುವುದಿಲ್ಲ. ನಿನಗೇನು ಬೇಕು ಎಂದು ಬಿಲ್ಡರ್ ಕೇಳಿದಾಗ ಏನೂ ಬೇಡ ಎನ್ನುತ್ತಾನೆ. ಇನ್ನಷ್ಟು ಹಣ ಕೇಳಿದ್ದರೆ ನೆರೆಯವರು ಅವನನ್ನು ಬೈದಾದರೂ ಅರ್ಥಮಾಡಿಕೊಳ್ಳುತ್ತಿದ್ದರು. ಏನೂ ಬೇಡ ಎನ್ನುವವನು ಅವರ ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಕೂರುವುದಿಲ್ಲ.

ಈ ನಿರಾಕರಣೆಯನ್ನು ಇಂಗ್ಲಿಷಿನ ‘ನೋ’ ಎಂಬ ಒಂದೇ ಪದ ಹೊತ್ತಿದೆ. ಕನ್ನಡದ ಓದುಗನಿಗೆ ಆ ಪದ ಸಾಲದು ಅನ್ನಿಸುತ್ತದೆ. ನಮ್ಮಲ್ಲಿ ‘ಇಲ್ಲ’ ಇದೆ, ಅದು ಇರವಿನ ನಿಷೇಧ. ‘ಬೇಡ’ ಇದೆ, ಅದು ಬೇಕು ಎಂಬುದರ ನಿಷೇಧ. ಇವೆರಡೂ ಯಾರ ಬಾಯಿಂದ ಬಂದರೂ ಅದೇ ರೂಪದಲ್ಲಿರುತ್ತವೆ. ಮೂರನೆಯದು ‘ಒಲ್ಲೆ’. ಹಳೆಯ ನಿಷೇಧಾರ್ಥಕ ಕ್ರಿಯಾರೂಪಗಳ ಸಾಲಿಗೆ ಸೇರಿದ ಪದ ಅದು. ಅರಿಯೆ, ಕೊಡೆ, ಬಾರೆ ಎಂಬವು ಗ್ರಂಥಭಾಷೆಗೆ ಸರಿದುಹೋದರೂ ‘ಒಲ್ಲೆ’ ಬಡಗಣ ಕನ್ನಡದ ಮನೆಮಾತಿನಲ್ಲಿ ಇಂದಿಗೂ ಬದುಕಿದೆ. ಊಟಕ್ಕೆ ಕೂತ ಮಗು ‘ನಾ ಒಲ್ಲೆ’ ಎಂದರೆ ತಾಯಿ ಕಾರಣ ಕೇಳಬಹುದು, ಆದರೆ ಮಗುವಿನ ಮಾತು ಕಾರಣವಿಲ್ಲದೆಯೂ ಪೂರ್ಣವಾಗಿದೆ. ಆ ಕ್ರಿಯಾಪದದಲ್ಲಿ ನಿಷೇಧ, ಇಚ್ಛೆ, ‘ನಾನು’ ಮೂರೂ ಬೆಸೆದುಕೊಂಡಿವೆ. ಮಾಸ್ಟರ್‌ಜಿಯ ಉತ್ತರ ಈ ಬಗೆಯದು. ಪಿಂಟೊಗಳು ಒಪ್ಪುವವರೆಗೆ ಅದು ‘ಬೇಡ’ ಆಗಿತ್ತು, ಬಳಿಕ ‘ಒಲ್ಲೆ’ ಆಯಿತು ಎಂದರೆ ಕಾದಂಬರಿಯ ತಿರುವನ್ನು ಕನ್ನಡದಲ್ಲಿ ಹೇಳಿದಂತಾಗುತ್ತದೆ.

ಇನ್ನು ನೆರೆಹೊರೆಯ ಚಿತ್ರ. ಬಿಲ್ಡರನ ಪ್ರಸ್ತಾಪ ಬರುವ ಮುನ್ನವೇ ಅಡಿಗರು ಒಂದು ಸಣ್ಣ ಪ್ರಸಂಗವನ್ನು ಇಟ್ಟಿದ್ದಾರೆ. ಮೂರನೆಯ ಮಹಡಿಯಲ್ಲಿ ಒಂಟಿಯಾಗಿರುವ ತರುಣ ಪತ್ರಕರ್ತೆಯ ಕಸದ ಬುಟ್ಟಿಯನ್ನು ನೆರೆಯವರು ಕೆದಕುತ್ತಾರೆ. ಅವಳ ಖಾಸಗಿ ಬದುಕಿನ ಕುರುಹು ಅದರಲ್ಲಿ ಸಿಗುತ್ತದೆ. ಸೊಸೈಟಿಯ ಮಾನ ಕಾಪಾಡುವ ಚರ್ಚೆ ನಡೆಯುತ್ತದೆ. ಮಾಸ್ಟರ್‌ಜಿ ಈ ಕಾವಲುಗಾರಿಕೆಯಿಂದ ಹೊರಗಿನವನಲ್ಲ ಎಂಬುದನ್ನು ಗಮನಿಸಬೇಕು. ಜೇಕಬ್ಸ್ ಹೊಗಳಿದ ಕಣ್ಣುಗಳೇ ಇವು. ಕಳ್ಳನನ್ನು ದೂರವಿಡುವ ಕಣ್ಣಿಗೆ ಪಕ್ಕದ ಮನೆಯ ಹೆಣ್ಣಿನ ಕಸವೂ ಕಾಣುತ್ತದೆ. ಅದೇ ಕಣ್ಣು ಮುಂದೆ ಮಾಸ್ಟರ್‌ಜಿಯ ಕಡೆ ತಿರುಗಿದಾಗ ನಮಗೆ ಆಘಾತವಾಗುತ್ತದೆಯೇ ಹೊರತು ಆಶ್ಚರ್ಯವಾಗುವುದಿಲ್ಲ. ಮಾತು ಬಿಡುತ್ತಾರೆ, ಪಾಠಕ್ಕೆ ಮಕ್ಕಳನ್ನು ಕಳಿಸುವುದು ನಿಲ್ಲುತ್ತದೆ, ಬಾಗಿಲಿಗೆ ಹೊಲಸು ಬಳಿಯಲಾಗುತ್ತದೆ. ವಕೀಲನ ಬಳಿ ಹೋದರೆ ವಕೀಲ ಬಿಲ್ಡರನ ಕಡೆಗೆ ವಾಲುತ್ತಾನೆ. ಪೊಲೀಸರು, ಹಳೆಯ ಶಿಷ್ಯರು, ಹೆತ್ತ ಮಗ, ಯಾರೂ ಆಸರೆಯಾಗುವುದಿಲ್ಲ. ವಠಾರದ ಬದುಕನ್ನು ಬಲ್ಲ ಯಾರಿಗೇ ಆದರೂ ಈ ಮೆಟ್ಟಿಲುಗಳು ಪರಿಚಿತ. ಬಹಿಷ್ಕಾರದ ಕ್ರಮ ಹಳ್ಳಿಯಿಂದ ಸೊಸೈಟಿಗೆ ಬರುವಾಗ ಅಷ್ಟೇನೂ ಬದಲಾಗಿಲ್ಲ.

ಅಡಿಗರ ಕಲೆಯ ಬಹುಪಾಲು ಇರುವುದು ಕೊಲೆಗಾರರ ಕಾರಣಗಳಲ್ಲಿ. ಶ್ರೀಮತಿ ಪುರಿಗೆ ಬುದ್ಧಿ ಬೆಳವಣಿಗೆ ಕುಂಠಿತವಾದ ಮಗನಿದ್ದಾನೆ. ತಾನು ಸತ್ತ ಮೇಲೆ ಅವನ ಗತಿಯೇನು ಎಂಬ ಪ್ರಶ್ನೆಗೆ ಬಿಲ್ಡರನ ಹಣದ ಹೊರತು ಬೇರೆ ಉತ್ತರವಿಲ್ಲ. ಕಾರ್ಯದರ್ಶಿ ಕೊಠಾರಿಗೆ ಬಾಲ್ಯದಲ್ಲಿ ಆಫ್ರಿಕಾದಲ್ಲಿ ಕಂಡ ಫ್ಲೆಮಿಂಗೊ ಹಕ್ಕಿಗಳು ಕಿಟಕಿಯಿಂದ ಕಾಣುವಂಥ ಮನೆ ಬೇಕು. ಇಬ್ರಾಹಿಂ ಕುಡ್ವ ಪುಟ್ಟ ಇಂಟರ್ನೆಟ್ ಅಂಗಡಿಯ ಮೆದು ಸ್ವಭಾವದ ಮನುಷ್ಯ, ಎಲ್ಲರಿಗೂ ಒಳ್ಳೆಯವನಾಗಲು ಹಂಬಲಿಸುವವನು. ಕೊಳೆಗೇರಿಯ ಮಕ್ಕಳಿಗಾಗಿ ದುಡಿಯುವ ಶ್ರೀಮತಿ ರೇಗೊ ಬಿಲ್ಡರುಗಳ ಮೋಸವನ್ನು ಎಲ್ಲರಿಗಿಂತ ಮೊದಲು ಬಯಲಿಗೆಳೆದವಳು; ಅವಳೂ ಕಡೆಗೆ ಒಪ್ಪುತ್ತಾಳೆ. ಇವರಲ್ಲಿ ದುರಾಸೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದಾದ ಕಾರಣ ಒಬ್ಬರದೂ ಅಲ್ಲ. ಬಿಲ್ಡರ್ ಶಾ ಕೂಡ ಗುಜರಾತಿನ ಹಳ್ಳಿಯಿಂದ ಬರಿಗಾಲಲ್ಲಿ ಬಂದವನು, ಕಟ್ಟಡದ ಧೂಳು ಕುಡಿದು ಎದೆ ಕೆಟ್ಟವನು, ತನ್ನ ಗೋಪುರಗಳನ್ನು ನಿಜವಾಗಿ ಪ್ರೀತಿಸುವವನು. ಕುತೂಹಲದ ಸಂಗತಿಯೆಂದರೆ ಕೊಲೆಯ ಗುಂಪಿನಿಂದ ಕೊನೆಗಳಿಗೆಯಲ್ಲಿ ಹಿಂದೆ ಸರಿಯುವವನು ದಲ್ಲಾಳಿ ಅಜ್ವಾನಿ, ಎಲ್ಲರೂ ಹೀನನೆಂದು ಎಣಿಸಿದವನು. ಹಣವನ್ನು ವೃತ್ತಿಯಾಗಿ ಬಲ್ಲವನಿಗೆ ಅದರ ಮಿತಿಯೂ ತಿಳಿದಿತ್ತೇನೋ. ಅಡಿಗರು ಹಾಗೆಂದು ಹೇಳುವುದಿಲ್ಲ, ಹೇಳದಿರುವುದೇ ಚೆನ್ನ.

ಇಲ್ಲಿ ಕಾನೂನಿನ ಮಾತನ್ನು ಎತ್ತದೆ ಗತ್ಯಂತರವಿಲ್ಲ, ಏಕೆಂದರೆ ಕಾದಂಬರಿಯ ಹಂದರವೇ ಒಪ್ಪಿಗೆಯ ಲೆಕ್ಕದ ಮೇಲೆ ನಿಂತಿದೆ. ವಾಕೋಲಕ್ಕೆ ಅನ್ವಯಿಸುವ 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆಯೇ ಸೋಲಾಪುರ, ಅಕ್ಕಲಕೋಟೆ, ಜತ್ತಗಳಿಗೂ ಅನ್ವಯಿಸುವಂಥದು; ಆ ಭಾಗದ ನಮ್ಮ ಓದುಗರಿಗೆ ಈ ವಿವರ ದೂರದ್ದಲ್ಲ. ಹಳೆಯ ಸೊಸೈಟಿಗಳ ಪುನರಭಿವೃದ್ಧಿಗೆ ಆ ಕಾಯಿದೆಯಡಿ ರಾಜ್ಯ ಸರ್ಕಾರ 2009ರ ಜನವರಿಯಲ್ಲಿ ನಿರ್ದೇಶನಗಳನ್ನು ಹೊರಡಿಸಿತು. ಸರ್ವಸದಸ್ಯರ ಸಭೆಯಲ್ಲಿ ಮುಕ್ಕಾಲು ಪಾಲಿನ ಬೆಂಬಲವಿದ್ದರೆ ಸಾಕೆಂದಿತು. 2019ರ ಜುಲೈಯಲ್ಲಿ ಪರಿಷ್ಕರಿಸಿದಾಗ ಅದು ನೂರಕ್ಕೆ 51ಕ್ಕೆ ಇಳಿಯಿತು. ಸೊಸೈಟಿಯ ಬಹುಮತದ ತೀರ್ಮಾನ ಒಪ್ಪದ ಸದಸ್ಯನನ್ನೂ ಕಟ್ಟುತ್ತದೆ, ಸಂಘದ ಇಚ್ಛೆಯಿಂದ ಬೇರೆಯಾದ ಇಚ್ಛೆ ಅವನಿಗಿಲ್ಲ ಎಂಬ ನಿಲುವನ್ನು ಮುಂಬೈ ಹೈಕೋರ್ಟ್ 2009ರಿಂದೀಚೆಗೆ ಮತ್ತೆ ಮತ್ತೆ ತಳೆದಿದೆ. ಅಂದರೆ ಕಾದಂಬರಿ ಪ್ರಕಟವಾಗುವ ಹೊತ್ತಿಗಾಗಲೇ ಮಾಸ್ಟರ್‌ಜಿಯಂಥವನನ್ನು ಕೊಲ್ಲುವ ಅಗತ್ಯ ಕಾನೂನಿನ ಕಣ್ಣಿನಲ್ಲಿ ಇರಲಿಲ್ಲ. ಒಂದು ಠರಾವು, ಒಂದು ಅರ್ಜಿ, ಒಂದು ಆದೇಶ ಸಾಕಾಗುತ್ತಿತ್ತು.

ಹಾಗಾದರೆ ಅಡಿಗರು ಸರ್ವಸಮ್ಮತಿಯ ಷರತ್ತನ್ನು ಇಟ್ಟುಕೊಂಡದ್ದು ಕಥೆಯ ಅನುಕೂಲಕ್ಕಾಗಿಯೇ? ಹಾಗೆಂದು ಆಕ್ಷೇಪಿಸಬಹುದು; ವಾಸ್ತವವಾದಿ ಕಾದಂಬರಿಯಲ್ಲಿ ಇದು ಸಣ್ಣ ಆಕ್ಷೇಪವೂ ಅಲ್ಲ. ಆದರೂ ನನಗೆ ಈ ಆಯ್ಕೆ ಸರಿಯೆನಿಸುತ್ತದೆ. ಬಹುಮತದ ನಿಯಮವಿದ್ದಲ್ಲಿ ಒಬ್ಬನ ‘ಒಲ್ಲೆ’ಗೆ ಬೆಲೆಯೇ ಇರುವುದಿಲ್ಲ, ಆದ್ದರಿಂದ ಉಳಿದವರ ಕೈಯೂ ಸ್ವಚ್ಛವಾಗಿ ಉಳಿಯುತ್ತದೆ. ಅವನನ್ನು ಕೇಳಿಸಿಕೊಳ್ಳಬೇಕಾಗಿಲ್ಲ, ದ್ವೇಷಿಸಬೇಕಾಗಿಯೂ ಇಲ್ಲ, ಎಣಿಸಿದರೆ ಮುಗಿಯಿತು. ಸರ್ವಸಮ್ಮತಿಯ ಷರತ್ತು ಒಬ್ಬನ ಮಾತಿಗೆ ಎಲ್ಲರ ಮಾತಿನಷ್ಟೇ ತೂಕ ಕೊಡುತ್ತದೆ, ಅದೇ ಅವನ ಕುತ್ತಿಗೆಗೆ ಬರುತ್ತದೆ. ಎಣಿಕೆಯಲ್ಲಿ ಅಡಗಿರುವ ಬಲಾತ್ಕಾರವನ್ನು ಅಡಿಗರು ಸುತ್ತಿಗೆಯ ರೂಪದಲ್ಲಿ ನಮಗೆ ಕಾಣಿಸುತ್ತಾರೆ. ಗಡಿಯ ಆಚೀಚೆ ಸಣ್ಣ ಸಂಖ್ಯೆಯಾಗಿ ಬದುಕುವವರು, ಊರಸಭೆಯಲ್ಲಿ, ಶಾಲಾ ಸಮಿತಿಯಲ್ಲಿ ಎಣಿಕೆಗೊಳಗಾಗಿ ಅಭ್ಯಾಸವಿರುವವರು ಈ ಭಾಗವನ್ನು ಬೇರೆಯವರಿಗಿಂತ ನಿಧಾನವಾಗಿ ಓದುತ್ತಾರೆಂದು ಊಹಿಸುತ್ತೇನೆ.

ಮುಂಬೈಯ ಒಂಟಿ ಮನುಷ್ಯನನ್ನು ಗುಂಪು ಬೇಟೆಯಾಡುವ ಕಥೆ ಕನ್ನಡಕ್ಕೆ ಹೊಸತಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ ಬಂದದ್ದು 1979ರಲ್ಲಿ. ಅಲ್ಲಿನ ನಾಗಪ್ಪನನ್ನು ಸುತ್ತುವರಿಯುವುದು ಕಂಪನಿ. ಇಲ್ಲಿನ ಮೂರ್ತಿಯನ್ನು ಸುತ್ತುವರಿಯುವುದು ಮನೆ. ಚಿತ್ತಾಲರು ನಾಗಪ್ಪನ ಮನಸ್ಸಿನೊಳಗೆ ಕುಳಿತು ಬರೆಯುತ್ತಾರೆ, ಬೇಟೆಗಾರರು ನಮಗೆ ಅವನ ಸಂಶಯದ ಮೂಲಕವೇ ಕಾಣುತ್ತಾರೆ. ಅಡಿಗರು ಕಟ್ಟಡದ ಪ್ರತಿಯೊಂದು ಬಾಗಿಲನ್ನೂ ತಟ್ಟಿ ಒಳಹೋಗುತ್ತಾರೆ. ಬೇಟೆಗಾರರ ಅಡುಗೆಮನೆ, ಸಾಲದ ಚಿಂತೆ, ಮಕ್ಕಳ ಓದು ಎಲ್ಲವೂ ನಮಗೆ ಗೊತ್ತು. ಚಿತ್ತಾಲರಲ್ಲಿ ಹೆಚ್ಚು ಆಳವಿದೆ, ಅಡಿಗರಲ್ಲಿ ಹೆಚ್ಚು ನ್ಯಾಯವಿದೆ. ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳಾದರೋ ಇವೆರಡಕ್ಕೂ ಎದುರು ದಿಕ್ಕಿನವು. ಅಲ್ಲಿ ಒಂದೇ ಗೋಡೆಯ ಆಚೀಚೆ ಬದುಕುವ ಅಪರಿಚಿತರು ಯಾವುದೇ ಕಾಗದಪತ್ರವಿಲ್ಲದೆ ಒಬ್ಬರಿಗೊಬ್ಬರು ನೆಂಟರಾಗುತ್ತಾರೆ. ಆ ಕಥೆಗಳ ಮಮತೆಯನ್ನು ಬಲ್ಲವನಿಗೆ ವಿಶ್ರಾಮ್ ಸೊಸೈಟಿಯ ಮೇಲೆ ಒಂದು ಬಗೆಯ ಮುನಿಸು ಬರುತ್ತದೆ, ಬರಬೇಕು ಕೂಡ.

ಕೃತಿಯ ಕೊರತೆಗಳಲ್ಲಿ ಎರಡು ನನ್ನನ್ನು ಕಾಡಿವೆ. ಒಂದು, ಭಾಷೆ. ಅಡಿಗರ ‘ಬಿಟ್ವೀನ್ ದಿ ಅಸಾಸಿನೇಶನ್ಸ್’ ಕೃತಿಯ ಕಿಟ್ಟೂರು ಎಂಬ ಕಲ್ಪಿತ ಕರಾವಳಿ ಪಟ್ಟಣದಲ್ಲಿ ಕನ್ನಡ, ತುಳು, ಕೊಂಕಣಿಗಳ ಪ್ರಸ್ತಾಪ ಪ್ರವಾಸಿ ಕೈಪಿಡಿಯ ಧಾಟಿಯಲ್ಲಾದರೂ ಬರುತ್ತದೆ. ಯಾರು ಯಾವ ಮಾತಿನವರು ಎಂಬುದು ಅಲ್ಲಿ ಬದುಕಿನ ಭಾಗ. ವಿಶ್ರಾಮ್ ಸೊಸೈಟಿಯಲ್ಲಿ ಮೂರ್ತಿ, ಪುರಿ, ರೇಗೊ, ಕೊಠಾರಿ, ಅಜ್ವಾನಿ, ಕುಡ್ವ ಎಂಬ ಹೆಸರುಗಳೇ ಐದಾರು ಭಾಷೆಗಳನ್ನು ಸೂಚಿಸುತ್ತವೆ. ಅವರ ಧರ್ಮ, ಊಟ, ಪ್ರಾರ್ಥನೆಗಳನ್ನು ಲೇಖಕರು ಬಿಡಿಬಿಡಿಯಾಗಿ ಗುರುತಿಸುತ್ತಾರೆ. ಭಾಷೆಯ ಉಲ್ಲೇಖ ಅಲ್ಲಲ್ಲಿ ಬಂದರೂ ಮಾತು ಮಾತ್ರ ಒಂದೇ ಇಂಗ್ಲಿಷಿನ ಕೊಳಾಯಿಯಲ್ಲಿ ಹರಿಯುತ್ತದೆ. ಮೂರ್ತಿ ಹೆಂಡತಿಯೊಡನೆ ಯಾವ ಮಾತಿನಲ್ಲಿ ಜಗಳವಾಡಿದ? ಕೊಲ್ಲಲು ಬಂದವರು ಮೆಟ್ಟಿಲಮೇಲೆ ಯಾವ ಮಾತಿನಲ್ಲಿ ಪಿಸುಗುಟ್ಟಿದರು? ಮುಂಬೈಯಲ್ಲಿ ಗುಟ್ಟಿಗೊಂದು, ಸಭೆಗೊಂದು, ದೇವರಿಗೊಂದು ಭಾಷೆಯಿರುತ್ತದೆ. ಅದನ್ನು ಬಿಟ್ಟಾಗ ಇಡೀ ಕಟ್ಟಡದ ಒಂದು ಮಹಡಿಯನ್ನೇ ಬಿಟ್ಟಂತೆ.

ಎರಡನೆಯದು ಕಾಗದದ ಪ್ರಶ್ನೆ. ಮಾಸ್ಟರ್‌ಜಿಗೆ ‘ಒಲ್ಲೆ’ ಎನ್ನುವ ಹಕ್ಕು ಬಂದದ್ದು ಅವನ ಧೈರ್ಯದಿಂದ ಮಾತ್ರವಲ್ಲ, ಸೊಸೈಟಿಯ ಷೇರು ಪತ್ರದಿಂದ. ಅದೇ ಕಟ್ಟಡದ ಕಸ ಗುಡಿಸುವ ಮೇರಿ ಹೊಲಸು ಕಾಲುವೆಯ ಪಕ್ಕದ ಗುಡಿಸಲಿನವಳು. ಅದನ್ನು ಕೆಡವಲು ಬರುವವರು ಅವಳ ಸಹಿ ಕೇಳುವುದಿಲ್ಲ. ಕಾದಂಬರಿ ಅವಳನ್ನು ಕಾಣುತ್ತದೆ, ಕರುಣೆಯಿಂದಲೇ ಕಾಣುತ್ತದೆ, ಆದರೆ ಅವಳ ಪ್ರಶ್ನೆಯನ್ನು ಮಾಸ್ಟರ್‌ಜಿಯ ಪ್ರಶ್ನೆಯ ಪಕ್ಕದಲ್ಲಿ ಇಟ್ಟು ನೋಡುವುದಿಲ್ಲ.

ಈ ಎರಡೂ ಕೊರತೆಗಳನ್ನು ಏಕಕಾಲಕ್ಕೆ ತುಂಬಿದ ಕೃತಿಯೊಂದು ಹದಿಮೂರು ವರ್ಷಗಳ ಬಳಿಕ ಬಂತು. ಅದು ಕಾದಂಬರಿಯಲ್ಲ, ಚಲನಚಿತ್ರ. ಪಾಯಲ್ ಕಪಾಡಿಯಾ ಅವರ ‘ಆಲ್ ವೀ ಇಮ್ಯಾಜಿನ್ ಆ್ಯಸ್ ಲೈಟ್’ 2024ರ ಕಾನ್ ಚಿತ್ರೋತ್ಸವದಲ್ಲಿ ಗ್ರಾಂ ಪ್ರೀ ಪಡೆಯಿತು. ಅದರಲ್ಲಿ ಮುಂಬೈಯ ಆಸ್ಪತ್ರೆಯೊಂದರ ಅಡುಗೆಯಾಕೆ ಪಾರ್ವತಿ ಒಬ್ಬ ವಿಧವೆ. ಅವಳು ಬಾಳಿದ ಮನೆಯನ್ನು ಕೆಡವಿ ಗೋಪುರ ಕಟ್ಟಲು ಹೊರಟಿದ್ದಾರೆ. ಅಲ್ಲಿ ವಾಸವಿದ್ದುದಕ್ಕೆ ಸಾಕ್ಷಿಯಾಗಿ ಒಂದು ಕಾಗದವೂ ಅವಳಲ್ಲಿಲ್ಲ, ಗಂಡ ಯಾವುದನ್ನೂ ಬಿಟ್ಟುಹೋಗಿಲ್ಲ. ವಕೀಲನಿಗೂ ಮಾಡಲು ಏನೂ ಉಳಿಯುವುದಿಲ್ಲ. ಅವಳ ‘ಒಲ್ಲೆ’ಯನ್ನು ಬರೆದುಕೊಳ್ಳುವ ಪುಸ್ತಕ ಎಲ್ಲಿಯೂ ಇಲ್ಲದ್ದರಿಂದ ಅವಳೂ ಗೆಳತಿಯಾದ ಮಲಯಾಳಿ ದಾದಿಯೂ ರಾತ್ರಿ ಬಿಲ್ಡರನ ಜಾಹೀರಾತು ಫಲಕಕ್ಕೆ ಕಲ್ಲೆಸೆಯುತ್ತಾರೆ, ಆಮೇಲೆ ಪಾರ್ವತಿ ರತ್ನಾಗಿರಿ ಕಡೆಯ ತನ್ನೂರಿಗೆ ಹೊರಡುತ್ತಾಳೆ. ಇಡೀ ಚಿತ್ರದಲ್ಲಿ ಮಲಯಾಳ, ಹಿಂದಿ, ಮರಾಠಿಗಳು ತಮ್ಮ ತಮ್ಮ ಜಾಗದಲ್ಲಿ ಕೇಳಿಸುತ್ತವೆ. ಯಾರು ಯಾರೊಡನೆ ಯಾವ ಮಾತಿನಲ್ಲಿ ಸಲಿಗೆಯಿಂದಿರುತ್ತಾರೆ ಎಂಬುದರಿಂದಲೇ ಅಲ್ಲಿ ನೆರೆಹೊರೆ ರೂಪುಗೊಳ್ಳುತ್ತದೆ. ಕಪಾಡಿಯಾ ಅವರ ಚಿತ್ರದಲ್ಲಿ ಬಿಲ್ಡರನ ಮುಖವೇ ಇಲ್ಲವೆನ್ನಬಹುದು, ಫಲಕ ಮಾತ್ರ ಇದೆ. ಅದು ಚಿತ್ರದ ಬಲವೂ ಹೌದು, ಒಂದು ತಪ್ಪಿಸಿಕೊಳ್ಳುವಿಕೆಯೂ ಹೌದು. ಅಡಿಗರು ಶಾನ ಕೆಮ್ಮನ್ನು ಕೇಳಿಸಿದಷ್ಟು ಹತ್ತಿರದಿಂದ ಆ ಲೋಕವನ್ನು ಚಿತ್ರ ಕಾಣುವುದಿಲ್ಲ.

ಈ ಕಾದಂಬರಿಯನ್ನು ಕನ್ನಡಿಸುವವರ ಮುಂದೆ ಕೆಲವು ತೀರ್ಮಾನಗಳು ಕಾದಿವೆ. ಶ್ರೀಮತಿ ಪುರಿಯ ಬಾಯಲ್ಲಿ ಯಾವ ಕನ್ನಡ? ರೇಗೊ ಬಾಯಿಗಳ ಮಾತಿಗೆ ಮಂಗಳೂರು ಕ್ರೈಸ್ತರ ಕನ್ನಡದ ಧಾಟಿ ಹೊಂದೀತೇ? ಕುಡ್ವನ ಮಾತಿಗೆ, ಅಜ್ವಾನಿಯ ಮಾತಿಗೆ ಬೇರೆ ಬೇರೆ ಸೀಮೆಗಳ ಲಯ ಕೊಡುವುದು ಕೃತಕವಾದೀತೇ? ಎಲ್ಲರಿಗೂ ಒಂದೇ ಪತ್ರಿಕಾ ಕನ್ನಡವನ್ನು ಹಂಚಿದರೆ ಮೂಲದ ಕೊರತೆಯೇ ಅನುವಾದದಲ್ಲೂ ಉಳಿಯುತ್ತದೆ. ನಾನಾದರೆ ಮಾಸ್ಟರ್‌ಜಿಗೆ ಪಠ್ಯಪುಸ್ತಕದ ಶಿಷ್ಟ ಕನ್ನಡವನ್ನೇ ಕೊಟ್ಟು, ಪಿಂಟೊಗಳು ಸಹಿ ಹಾಕಿದ ಮರುದಿನದಿಂದ ಆ ಒಂದು ಪದವನ್ನು ಮಾತ್ರ ಸೋಲಾಪುರದ ಮನೆಗಳಿಂದ ತರುತ್ತಿದ್ದೆ.